ಅಮೆರಿಕದ ಪ್ರಿಸನ್, ಜೈಲು, ಪ್ರೊಬೇಷನ್: ಜನ ಏರಿದ್ದು ಇಳಿದಿದ್ದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ಅಮೆರಿಕದಲ್ಲಿ ಎಷ್ಟು ಜನ ಕೈದಿಗಳಿದ್ದಾರೆ ಅಂತ ಕೇಳಿದ್ರೆ ಒಬ್ಬರು 12 ಲಕ್ಷ ಅಂತಾರೆ, ಇನ್ನೊಬ್ಬರು 19 ಲಕ್ಷ ಅಂತಾರೆ, ಮತ್ತೊಬ್ಬರು 54 ಲಕ್ಷ ಅಂದುಬಿಡ್ತಾರೆ. ಮೂರಕ್ಕೂ ಆಧಾರ ಇದೆ, ಆದ್ರೆ ಮೂರೂ ಬೇರೆ ಬೇರೆ ಲೆಕ್ಕ. ಈ ಗೊಂದಲದಲ್ಲೇ ಅರ್ಧ ವಾದ ಮುಗಿದು ಹೋಗುತ್ತೆ, ಅಸಲಿ ವಿಷಯಕ್ಕೆ ಯಾರೂ ಬರೋದೇ ಇಲ್ಲ. ಅದಕ್ಕೆ ಜನ ಕೇಳ್ತಾ ಇರೋ ಪ್ರಶ್ನೆಗಳನ್ನೆಲ್ಲ ಒಂದು ಕಡೆ ಸೇರಿಸಿ ಉತ್ತರ ಬರೆದಿದ್ದೀನಿ.

ಪ್ರಿಸನ್ ಅಂದ್ರೂ ಜೈಲೇ, ಜೈಲ್ ಅಂದ್ರೂ ಜೈಲೇ ಅಲ್ವಾ?

ಕನ್ನಡದಲ್ಲಿ ಹೌದು, ನಮಗೆ ಎರಡೂ ಸೆರೆಮನೆನೇ. ಅಮೆರಿಕದಲ್ಲಿ ಅಲ್ಲ. ಜೈಲು ಅನ್ನೋದು ಸಾಮಾನ್ಯವಾಗಿ ಕೌಂಟಿ (ನಮ್ಮ ಜಿಲ್ಲೆ ಥರ) ಅಥವಾ ಊರಿನ ಆಡಳಿತದ್ದು, ಹೆಚ್ಚಿನ ಕಡೆ ಶೆರಿಫ್, ಅಂದ್ರೆ ಕೌಂಟಿಯ ಪೊಲೀಸ್ ಮುಖ್ಯಸ್ಥರ, ಕೈಯಲ್ಲಿರುತ್ತೆ. ಪೊಲೀಸರು ಈಗ ತಾನೇ ಹಿಡಿದು ತಂದವರು, ವಿಚಾರಣೆಗೆ ಕಾಯ್ತಿರೋರು, ಒಂದು ವರ್ಷದ ಒಳಗಿನ ಸಣ್ಣ ಶಿಕ್ಷೆ ಆದವರು ಅಲ್ಲಿರ್ತಾರೆ. ಪ್ರಿಸನ್ ಅನ್ನೋದು ರಾಜ್ಯದ್ದು ಅಥವಾ ಫೆಡರಲ್ (ಅಂದ್ರೆ ಕೇಂದ್ರ) ಸರ್ಕಾರದ್ದು, ಅಲ್ಲಿರೋರು ಬಹುತೇಕ ಶಿಕ್ಷೆ ಆಗಿ ಒಂದು ವರ್ಷಕ್ಕಿಂತ ಜಾಸ್ತಿ ಕಳೀಬೇಕಾದವರು. ಅಲಾಸ್ಕಾ, ಕನೆಕ್ಟಿಕಟ್ ಥರ ಕೆಲವು ರಾಜ್ಯಗಳಲ್ಲಿ ಎರಡೂ ಒಂದೇ ಇಲಾಖೆ ನಡೆಸುತ್ತೆ, ಅದನ್ನ ಬಿಟ್ರೆ ಈ ವ್ಯತ್ಯಾಸ ಎಲ್ಲ ಕಡೆ ಇದೆ. ಕೆಳಗೆ ಎಲ್ಲ ಕಡೆ ಇದೇ ಅರ್ಥದಲ್ಲಿ ಪ್ರಿಸನ್, ಜೈಲು ಅಂತ ಬೇರೆ ಬೇರೆ ಬರೆದಿದ್ದೀನಿ.

ಹಾಗಾದ್ರೆ ಪ್ರೊಬೇಷನ್, ಪೆರೋಲ್?

ಪ್ರೊಬೇಷನ್ ಅಂದ್ರೆ ಒಳಗೆ ಹಾಕೋ ಬದಲು ಜಡ್ಜ್ ಕೆಲವು ಷರತ್ತು ಹಾಕಿ ಮನೇಲಿ ಇರೋಕೆ ಬಿಡೋದು, ಒಬ್ಬ ಆಫೀಸರ್ ಕಣ್ಣಿಟ್ಟಿರ್ತಾರೆ. ಪೆರೋಲ್ ಅಂದ್ರೆ ಪ್ರಿಸನ್‌ನಲ್ಲಿ ಒಂದಷ್ಟು ಕಾಲ ಇದ್ದು, ಉಳಿದ ಅವಧಿನ ಹೊರಗೆ ನಿಗಾದಲ್ಲಿ ಕಳೆಯೋದು. ನಾವು ಪೇಪರ್‌ನಲ್ಲಿ ಓದೋ ಪೆರೋಲ್, ಅಂದ್ರೆ ಮದುವೆಗೋ ತಿಥಿಗೋ ಹತ್ತು ದಿನ ಬಿಟ್ಟು ವಾಪಸ್ ಕರ್ಕೊಳ್ಳೋದು, ಅದಲ್ಲ ಇದು.

ಪ್ರೊಬೇಷನ್ ಹುಟ್ಟಿದ ಕಥೆ ಚೆನ್ನಾಗಿದೆ. 1841ರಲ್ಲಿ ಬಾಸ್ಟನ್‌ನಲ್ಲಿ ಜಾನ್ ಆಗಸ್ಟಸ್ ಅಂತ ಒಬ್ಬ ಚಪ್ಪಲಿ ಬೂಟು ಮಾಡೋರು ಕೋರ್ಟಿಗೆ ಹೋಗಿ, ಕುಡಿದು ಸಿಕ್ಕಿಬಿದ್ದಿದ್ದ ಒಬ್ಬನಿಗೆ ತಾವೇ ಜಾಮೀನು ನಿಂತು ಬಿಡಿಸ್ಕೊಂಡು ಬಂದ್ರು, ಅವನು ಸುಧಾರಿಸಿದ. ಆಮೇಲೆ ಸಾಯೋವರೆಗೂ ನೂರಾರು ಜನರಿಗೆ ಹಾಗೇ ಮಾಡಿದ್ರು. ಮ್ಯಾಸಚೂಸೆಟ್ಸ್ 1878ರಲ್ಲಿ ಅದನ್ನೇ ಕಾನೂನು ಮಾಡ್ತು. ಒಬ್ಬ ಮನುಷ್ಯ ಇನ್ನೊಬ್ಬನಿಗೆ ಹೊಣೆ ನಿಂತಿದ್ದರಿಂದ ಶುರುವಾದ ವ್ಯವಸ್ಥೆ ಇದು, ಮುಂದೆ ಓದುವಾಗ ಇದು ನೆನಪಿರಲಿ.

ಒಟ್ಟು ಲೆಕ್ಕ ಏನು?

1980ರಲ್ಲಿ ಪ್ರಿಸನ್‌ನಲ್ಲಿ ಸುಮಾರು 3.2 ಲಕ್ಷ, ಜೈಲಲ್ಲಿ 1.8 ಲಕ್ಷ, ಪೆರೋಲ್ ಮೇಲೆ 2.2 ಲಕ್ಷ, ಪ್ರೊಬೇಷನ್ ಮೇಲೆ 11 ಲಕ್ಷ, ಎಲ್ಲ ಸೇರಿ 18 ಲಕ್ಷ ಚಿಲ್ಲರೆ. 2007ಕ್ಕೆ ಬಂದ್ರೆ ಒಟ್ಟು 73 ಲಕ್ಷ. ಅದರಲ್ಲಿ ಪ್ರೊಬೇಷನ್ ಒಂದೇ 43 ಲಕ್ಷದ ಹತ್ತಿರ, ಪ್ರಿಸನ್ 16 ಲಕ್ಷ, ಜೈಲು 7.8 ಲಕ್ಷ, ಪೆರೋಲ್ 8 ಲಕ್ಷದ ಮೇಲೆ. ಅಂದ್ರೆ ವಯಸ್ಕರಲ್ಲಿ 31 ಜನಕ್ಕೆ ಒಬ್ಬರು ಈ ವ್ಯವಸ್ಥೆಯ ಯಾವುದೋ ಒಂದು ಕೊಂಡಿಗೆ ಸಿಕ್ಕಿಹಾಕ್ಕೊಂಡಿದ್ರು. ಅಲ್ಲಿಂದ ಇಳಿದು 2022ಕ್ಕೆ ಒಟ್ಟು 54 ಲಕ್ಷ ಆಯ್ತು: ಪ್ರೊಬೇಷನ್ 30 ಲಕ್ಷ, ಪ್ರಿಸನ್ 12.3 ಲಕ್ಷ, ಪೆರೋಲ್ 7 ಲಕ್ಷ, ಜೈಲು 6.6 ಲಕ್ಷ. ಕೂಡಿಸಿದ್ರೆ 54ಕ್ಕಿಂತ ಜಾಸ್ತಿ ಬರುತ್ತಲ್ಲ ಅಂತ ಕೆಲವರು ಕೇಳ್ತಾರೆ. ಒಬ್ಬನೇ ಎರಡು ಕಡೆ ಲೆಕ್ಕದಲ್ಲಿರ್ತಾನೆ, ಪ್ರೊಬೇಷನ್ ಮೇಲಿದ್ದವನು ಜೈಲಲ್ಲೂ ಇರಬಹುದು, ಒಟ್ಟು ಹೇಳುವಾಗ ಅದನ್ನ ಕಳೀತಾರೆ.

ಮೇಲೆ ಹೇಳಿದ 12 ಅಂದ್ರೆ ಬರೀ ಪ್ರಿಸನ್, 19 ಅಂದ್ರೆ ಪ್ರಿಸನ್ ಪ್ಲಸ್ ಜೈಲು, 54 ಅಂದ್ರೆ ಹೊರಗಿದ್ದು ನಿಗಾದಲ್ಲಿರೋರೂ ಸೇರಿ.

1970ಕ್ಕಿಂತ ಮುಂಚೆ ಹೇಗಿತ್ತು?

ಆಶ್ಚರ್ಯ ಆಗೋಷ್ಟು ಸ್ಥಿರವಾಗಿತ್ತು. 1925ರಿಂದ 1970ರ ದಶಕದ ಶುರುವಿನವರೆಗೆ ಲಕ್ಷ ಜನಸಂಖ್ಯೆಗೆ ಸುಮಾರು 110 ಜನ ಪ್ರಿಸನ್‌ನಲ್ಲಿ, ಸ್ವಲ್ಪ ಅತ್ತ ಸ್ವಲ್ಪ ಇತ್ತ, ಅಷ್ಟೇ. ಮಹಾ ಆರ್ಥಿಕ ಕುಸಿತ ಬಂತು, ಯುದ್ಧ ಬಂತು, ಹೋಯ್ತು, ಈ ಸಂಖ್ಯೆ ಮಾತ್ರ ಜಾಸ್ತಿ ಅಲುಗಾಡಲಿಲ್ಲ. 1972ರಲ್ಲಿ ಇನ್ನೂ ಕಮ್ಮಿ, ಲಕ್ಷಕ್ಕೆ 93. ಆಗಿನ ಕೆಲವು ತಜ್ಞರು ಇದೊಂದು ಸಹಜ ಮಟ್ಟ, ಇದು ಹೀಗೇ ಇರುತ್ತೆ ಅಂತ ಸಿದ್ಧಾಂತನೇ ಮಾಡಿದ್ರು, ಮಾಡಿ ಮುಗಿಸೋ ಹೊತ್ತಿಗೆ ಗ್ರಾಫ್ ಮೇಲಕ್ಕೆ ಹೊರಟಿತ್ತು, ಮೂರೂವರೆ ದಶಕ ನಿಲ್ಲಲೇ ಇಲ್ಲ. 2007-08ರ ಹೊತ್ತಿಗೆ ಲಕ್ಷಕ್ಕೆ 500 ದಾಟಿತ್ತು.

ಅಪರಾಧ ಜಾಸ್ತಿ ಆಯ್ತು, ಅದಕ್ಕೆ ಕೈದಿಗಳೂ ಜಾಸ್ತಿ ಆದ್ರು, ಇಷ್ಟೇ ತಾನೇ?

ಇಷ್ಟೇ ಅಲ್ಲ. ಅಪರಾಧ ಏರಿದ್ದು ನಿಜ, ಅದನ್ನ ಮುಚ್ಚಿಡೋದು ತಪ್ಪು. ಪೊಲೀಸ್ ದಾಖಲೆ ಪ್ರಕಾರ ಹಿಂಸಾತ್ಮಕ ಅಪರಾಧದ ದರ 1960ರಿಂದ 1991ರ ಒಳಗೆ ನಾಲ್ಕು ಪಟ್ಟಿಗಿಂತ ಜಾಸ್ತಿ ಆಗಿತ್ತು, ಜನ ಭಯಪಟ್ಟಿದ್ದಕ್ಕೆ ಕಾರಣ ಇತ್ತು. ಆದ್ರೆ 1991ರ ನಂತರ ಅದು ಇಳೀತಾ ಬಂತು, 2010ರ ದಶಕದ ಹೊತ್ತಿಗೆ ಅರ್ಧದ ಹತ್ತಿರ ಬಂದಿತ್ತು, ಆದ್ರೂ ಪ್ರಿಸನ್ ಸಂಖ್ಯೆ 2009ರವರೆಗೂ ಏರ್ತಾನೇ ಹೋಯ್ತು. ಅಪರಾಧವೇ ಏಕೈಕ ಕಾರಣ ಆಗಿದ್ರೆ ಹದಿನೆಂಟು ವರ್ಷ ಎರಡೂ ವಿರುದ್ಧ ದಿಕ್ಕಿಗೆ ಹೋಗೋಕೆ ಹೇಗೆ ಸಾಧ್ಯ?

ಕೆಲವರು ಒಳಗೆ ಹಾಕಿದ್ದಕ್ಕೇ ಅಪರಾಧ ಇಳೀತು ಅಂತಾರೆ. ಸ್ವಲ್ಪ ಮಟ್ಟಿಗೆ ಇರಬಹುದು, ಆದ್ರೆ ನ್ಯೂಯಾರ್ಕ್ ರಾಜ್ಯ ನೋಡಿ, 1999ರಲ್ಲಿ ಅಲ್ಲಿನ ಪ್ರಿಸನ್‌ಗಳಲ್ಲಿ 72 ಸಾವಿರದ ಮೇಲೆ ಜನ ಇದ್ರು, ಆಮೇಲಿನ ಇಪ್ಪತ್ತು ವರ್ಷ ಆ ಸಂಖ್ಯೆನೂ ಇಳೀತು ಅಪರಾಧನೂ ಇಳೀತು. 2014ರಲ್ಲಿ ನ್ಯಾಷನಲ್ ರಿಸರ್ಚ್ ಕೌನ್ಸಿಲ್ ಅನ್ನೋ ತಜ್ಞರ ಸಂಸ್ಥೆ ದೊಡ್ಡ ವರದಿ ಕೊಟ್ಟು ಹೇಳಿದ್ದೂ ಇದನ್ನೇ, ಏರಿಕೆಗೆ ಮುಖ್ಯ ಕಾರಣ ಕಾನೂನು ಮತ್ತು ನೀತಿಯ ಆಯ್ಕೆಗಳು, ಅಂದ್ರೆ ಹಿಡಿದವರಲ್ಲಿ ಜಾಸ್ತಿ ಜನರನ್ನ ಒಳಗೆ ಕಳಿಸಿದ್ದು ಮತ್ತು ಒಳಗೆ ಜಾಸ್ತಿ ಕಾಲ ಇಟ್ಟಿದ್ದು.

ಯಾವ ಕಾನೂನುಗಳು?

ತುಂಬಾ ಇವೆ, ಮುಖ್ಯವಾದವು ಹೇಳ್ತೀನಿ. 1971ರಲ್ಲಿ ಅಧ್ಯಕ್ಷ ನಿಕ್ಸನ್ ಡ್ರಗ್ಸ್ ಚಟವೇ ದೇಶದ ನಂಬರ್ ಒನ್ ಶತ್ರು ಅಂದ್ರು. 1973ರಲ್ಲಿ ನ್ಯೂಯಾರ್ಕ್ ಗವರ್ನರ್ ರಾಕ್‌ಫೆಲ್ಲರ್ ಹೆಸರಿನ ಡ್ರಗ್ ಕಾನೂನು ಬಂತು, ಅದರಲ್ಲಿ ಜಡ್ಜ್ ಮನಸ್ಸು ಕರಗಿದ್ರೂ ಕಮ್ಮಿ ಶಿಕ್ಷೆ ಕೊಡೋ ಹಾಗಿಲ್ಲ. 1984ರ ಫೆಡರಲ್ ಕಾನೂನು ಪೆರೋಲನ್ನೇ ತೆಗೆದುಹಾಕ್ತು, 1987ರ ನವೆಂಬರ್ ನಂತರದ ಫೆಡರಲ್ ಅಪರಾಧಗಳಿಗೆ ಪೆರೋಲ್ ಇಲ್ಲ.

1986ರ ಕಾನೂನಿನ ಲೆಕ್ಕ ಓದಿದಾಗ ನನಗೆ ಈಗಲೂ ಹೊಟ್ಟೆ ಉರಿಯುತ್ತೆ. 500 ಗ್ರಾಂ ಪುಡಿ ಕೊಕೇನ್‌ಗೆ ಐದು ವರ್ಷ ಕಡ್ಡಾಯ ಶಿಕ್ಷೆ, ಅದೇ ಐದು ವರ್ಷ ಕ್ರ್ಯಾಕ್ ಕೊಕೇನ್ (ಸೇದೋ ಗಟ್ಟಿ ತುಣುಕು) ಆದ್ರೆ ಬರೀ 5 ಗ್ರಾಂಗೆ. ಮೂಲ ವಸ್ತು ಒಂದೇ, ಕ್ರ್ಯಾಕ್ ಕೇಸಲ್ಲಿ ಶಿಕ್ಷೆ ಆದವರಲ್ಲಿ ಬಹುಪಾಲು ಕಪ್ಪು ಜನ. 2010ರಲ್ಲಿ ಈ 100ಕ್ಕೆ 1 ಅನ್ನೋದನ್ನ 18ಕ್ಕೆ 1 ಮಾಡಿದ್ರು, ಸಮ ಮಾಡ್ಲಿಲ್ಲ. ಹಳೇ ಕೈದಿಗಳಿಗೂ ಅದರ ಲಾಭ ಸಿಗೋ ಹಾಗೆ ಮಾಡೋಕೆ 2018ರ ಫಸ್ಟ್ ಸ್ಟೆಪ್ ಆಕ್ಟ್ ಬರಬೇಕಾಯ್ತು.

ಆಮೇಲೆ 1993ರಲ್ಲಿ ವಾಷಿಂಗ್ಟನ್ ರಾಜ್ಯ, 1994ರಲ್ಲಿ ಕ್ಯಾಲಿಫೋರ್ನಿಯಾ ಮೂರನೇ ಸಲ ಸಿಕ್ಕಿದ್ರೆ ಜೀವಾವಧಿ ಅನ್ನೋ ಥ್ರೀ ಸ್ಟ್ರೈಕ್ಸ್ ಕಾನೂನು ತಂದವು. ಕ್ಯಾಲಿಫೋರ್ನಿಯಾದ್ದು ಎಷ್ಟು ಬಿಗಿ ಅಂದ್ರೆ, ಮೂರು ಗಾಲ್ಫ್ ಕ್ಲಬ್ ಕದ್ದವನಿಗೆ ಕಮ್ಮಿ ಅಂದ್ರೂ 25 ವರ್ಷ ಒಳಗಿರಬೇಕಾದ ಜೀವಾವಧಿ, ಸುಮಾರು 150 ಡಾಲರ್ ಬೆಲೆಯ ವಿಡಿಯೋ ಕ್ಯಾಸೆಟ್ ಕದ್ದವನಿಗೆ ಕಮ್ಮಿ ಅಂದ್ರೂ 50 ವರ್ಷದ ಜೀವಾವಧಿ, ಇಬ್ಬರ ಮೇಲೂ ಹಳೇ ಕೇಸುಗಳಿದ್ವು ನಿಜ, 2003ರಲ್ಲಿ ಸುಪ್ರೀಂ ಕೋರ್ಟ್ ಎರಡನ್ನೂ 5-4ರಲ್ಲಿ ಎತ್ತಿಹಿಡೀತು. ಇದರ ಮೇಲೆ 1994ರ ಫೆಡರಲ್ ಕ್ರೈಂ ಬಿಲ್, ಹಿಂಸಾತ್ಮಕ ಅಪರಾಧದವರು ಶಿಕ್ಷೆಯ ಶೇ 85 ಭಾಗ ಒಳಗೇ ಕಳೀಬೇಕು ಅನ್ನೋ ನಿಯಮ ಮಾಡೋ ರಾಜ್ಯಗಳಿಗೆ ಪ್ರಿಸನ್ ಕಟ್ಟೋಕೆ ದುಡ್ಡು ಕೊಡ್ತು.

ಡ್ರಗ್ ಕೇಸಿನವರನ್ನ ಬಿಟ್ಟುಬಿಟ್ರೆ ಪ್ರಿಸನ್ ಖಾಲಿ ಆಗುತ್ತಾ?

ಇಲ್ಲ. ಫೆಡರಲ್ ಪ್ರಿಸನ್‌ನಲ್ಲಿ ಡ್ರಗ್ ಕೇಸಿನವರು ಅರ್ಧದ ಹತ್ತಿರ ಇದ್ದಾರೆ, ಆದ್ರೆ ಫೆಡರಲ್ ಅಂದ್ರೆ ಒಟ್ಟಾರೆ ಒಂದೂವರೆ ಲಕ್ಷ ಜನ ಅಷ್ಟೇ. ಬಾಕಿ ಹತ್ತು ಲಕ್ಷದ ಮೇಲೆ ಇರೋದು ರಾಜ್ಯಗಳ ಪ್ರಿಸನ್‌ನಲ್ಲಿ, ಅಲ್ಲಿ ಡ್ರಗ್ ಕೇಸಿನವರು ಏಳರಲ್ಲಿ ಒಬ್ಬರಿಗಿಂತ ಜಾಸ್ತಿ ಇಲ್ಲ, ಅರ್ಧಕ್ಕಿಂತ ಜಾಸ್ತಿ ಜನ ಹಿಂಸಾತ್ಮಕ ಅಪರಾಧಕ್ಕೆ ಶಿಕ್ಷೆ ಆದವರು. ಸುಮಾರು 2 ಲಕ್ಷ ಜನ ಜೀವಾವಧಿ ಅಥವಾ ಅದಕ್ಕೆ ಸಮನಾದ ಉದ್ದದ ಶಿಕ್ಷೆ ಅನುಭವಿಸ್ತಿದ್ದಾರೆ, ಅಂದ್ರೆ ಆರಕ್ಕೆ ಒಬ್ಬರು. ಹಾಗಾಗಿ ಉದ್ದದ ಶಿಕ್ಷೆಗಳ ಬಗ್ಗೆ ಮಾತಾಡದೆ ಸಂಖ್ಯೆ ಅರ್ಧ ಮಾಡ್ತೀವಿ ಅನ್ನೋರ ಲೆಕ್ಕ ಕೂಡಿ ಬರಲ್ಲ.

ಜೈಲಲ್ಲಿ 6-7 ಲಕ್ಷ ತಾನೇ, ಅದೇನು ಅಷ್ಟು ದೊಡ್ಡದಲ್ಲ ಅನ್ಸುತ್ತೆ?

ಅದು ಒಂದು ದಿನ ಫೋಟೋ ತೆಗೆದ ಹಾಗೆ ಎಣಿಸಿದ ಸಂಖ್ಯೆ. ಜೈಲು ಬಸ್ ಸ್ಟ್ಯಾಂಡ್ ಇದ್ದ ಹಾಗೆ, ಬರೋರು ಬರ್ತಾರೆ ಹೋಗೋರು ಹೋಗ್ತಾರೆ. 2019ರಲ್ಲಿ ಒಂದೇ ವರ್ಷಕ್ಕೆ ಜೈಲಿಗೆ ಒಂದು ಕೋಟಿ ಸಲ ಜನ ಒಳಗೆ ಹೋಗಿದ್ದಾರೆ, ಒಬ್ಬನೇ ನಾಲ್ಕು ಸಲ ಹೋಗಿದ್ರೆ ನಾಲ್ಕು. ಸರಾಸರಿ ಇರೋದು ನಾಲ್ಕು ವಾರದ ಒಳಗೆ. ಮೂರೇ ದಿನ ಒಳಗಿದ್ರೂ ಕೆಲಸ ಹೋಗುತ್ತೆ, ಬಾಡಿಗೆ ಮನೆ ಹೋಗುತ್ತೆ, ಮಕ್ಕಳನ್ನ ನೋಡ್ಕೊಳ್ಳೋರು ಇರಲ್ಲ.

ಇನ್ನೊಂದು ಮುಖ್ಯ ವಿಷಯ, 2022ರಲ್ಲಿ ಜೈಲಲ್ಲಿದ್ದವರಲ್ಲಿ ಶೇ 70 ಜನಕ್ಕೆ ಆ ಕೇಸಲ್ಲಿ ಇನ್ನೂ ಅಪರಾಧ ಸಾಬೀತೇ ಆಗಿರಲಿಲ್ಲ. 2000ದಲ್ಲಿ ಇದು ಶೇ 56ರ ಹತ್ತಿರ ಇತ್ತು. ಇವರಲ್ಲಿ ಎಷ್ಟೋ ಜನ ಬೇಲ್ ದುಡ್ಡು ಕಟ್ಟೋಕೆ ಆಗದೆ ಕೂತವರು. ನ್ಯೂಯಾರ್ಕ್‌ನಲ್ಲಿ 2010ರಲ್ಲಿ 16 ವರ್ಷದ ಒಬ್ಬ ಹುಡುಗನನ್ನ ಬೆನ್ನಿಗೆ ಹಾಕೋ ಬ್ಯಾಗ್ ಕದ್ದ ಆರೋಪದ ಮೇಲೆ ಹಿಡಿದ್ರು, ಬೇಲ್ 3,000 ಡಾಲರ್, ಮನೆಯವರ ಹತ್ರ ಇರಲಿಲ್ಲ. ರೈಕರ್ಸ್ ದ್ವೀಪದ ಜೈಲಲ್ಲಿ ಮೂರು ವರ್ಷ, ಅದರಲ್ಲಿ ತುಂಬಾ ಕಾಲ ಒಂಟಿ ಕೋಣೆಯಲ್ಲಿ, ಕೊನೆಗೆ 2013ರಲ್ಲಿ ವಿಚಾರಣೆನೇ ನಡೆಯದೆ ಕೇಸ್ ವಜಾ ಆಯ್ತು, 2015ರಲ್ಲಿ ಅವನು ಮನೆಯಲ್ಲಿ ಪ್ರಾಣ ಕಳ್ಕೊಂಡ. ಜೈಲಲ್ಲಿರೋರನ್ನ ಸಾಮಾನ್ಯವಾಗಿ ಜೂನ್‌ನಲ್ಲಿ ಎಣಿಸ್ತಾರೆ, ಆ ಲೆಕ್ಕದಲ್ಲಿ ಅವನು ಬರೀ ಒಂದು ಅಂಕಿ.

ಬೇಲ್ ಬದಲಾವಣೆ ಮಾಡಿದ ರಾಜ್ಯಗಳೂ ಇವೆ. ನ್ಯೂಜೆರ್ಸಿ 2017ರಿಂದ ದುಡ್ಡಿನ ಬೇಲ್ ಬಹುಮಟ್ಟಿಗೆ ಬಿಡ್ತು, ಇಲಿನಾಯ್ 2023ರ ಸೆಪ್ಟೆಂಬರ್‌ನಲ್ಲಿ ಪೂರ್ತಿ ತೆಗೆದುಹಾಕಿದ ಮೊದಲ ರಾಜ್ಯ ಆಯ್ತು.

ಪ್ರೊಬೇಷನ್ ಅಂದ್ರೆ ಬಿಟ್ಟುಬಿಟ್ಟ ಹಾಗೇ ಅಲ್ವಾ? ಅದನ್ನ ಯಾಕೆ ಲೆಕ್ಕಕ್ಕೆ ಸೇರಿಸ್ಬೇಕು?

ಈ ಪ್ರಶ್ನೆಗೇ ನಾನು ಜಾಸ್ತಿ ಬರೀಬೇಕು ಅಂದ್ಕೊಂಡಿದ್ದು, ಯಾಕಂದ್ರೆ ಅತಿ ದೊಡ್ಡ ಗುಂಪು ಇದೇ, ಅತಿ ಕಮ್ಮಿ ಮಾತಾಡೋದೂ ಇದರ ಬಗ್ಗೆನೇ.

ಪ್ರೊಬೇಷನ್ ಷರತ್ತುಗಳು ಹನುಮಂತನ ಬಾಲ. ಆಫೀಸರ್‌ನ ಹೇಳಿದ ದಿನ ಹೇಳಿದ ಟೈಮಿಗೆ ನೋಡ್ಬೇಕು, ಮೂತ್ರ ಪರೀಕ್ಷೆ ಕೊಡ್ಬೇಕು, ಕೆಲಸ ಉಳಿಸ್ಕೋಬೇಕು, ಪರ್ಮಿಷನ್ ಇಲ್ಲದೆ ಮನೆ ಬದಲಾಯಿಸೋ ಹಾಗಿಲ್ಲ, ರಾಜ್ಯ ಬಿಟ್ಟು ಹೋಗೋ ಹಾಗಿಲ್ಲ, ಕೇಸಿದ್ದವರ ಜೊತೆ ಓಡಾಡೋ ಹಾಗಿಲ್ಲ (ಅದು ಸ್ವಂತ ಅಣ್ಣನೇ ಆಗಿದ್ರೆ ಏನು ಮಾಡ್ಬೇಕು?), ಫೀಸು ಕಟ್ಬೇಕು, ಫೈನ್ ಕಟ್ಬೇಕು. ಕೆಲಸಕ್ಕೆ ರಜೆ ಹಾಕಿ ಆಫೀಸರ್‌ನ ನೋಡೋಕೆ ಹೋದ್ರೆ ಕೆಲಸ ಹೋಗುತ್ತೆ, ಹೋಗದೆ ಇದ್ರೆ ಪ್ರೊಬೇಷನ್ ಹೋಗುತ್ತೆ, ಎರಡರಲ್ಲಿ ಯಾವುದು ತಪ್ಪಿದ್ರೂ ಷರತ್ತು ಮುರಿದ ಹಾಗೇ. ಹೊಸ ಅಪರಾಧ ಏನೂ ಮಾಡದೆ ಇಂಥ ಷರತ್ತು ಮುರಿದಿದ್ದಕ್ಕೆ ಟೆಕ್ನಿಕಲ್ ವಯೊಲೇಷನ್ ಅಂತಾರೆ.

ರಾಜ್ಯ ಸರ್ಕಾರಗಳ ಒಕ್ಕೂಟವಾದ ಕೌನ್ಸಿಲ್ ಆಫ್ ಸ್ಟೇಟ್ ಗವರ್ನಮೆಂಟ್ಸ್‌ನವರು 2019ರಲ್ಲಿ ರಾಜ್ಯಗಳ ಲೆಕ್ಕ ತೆಗೆದಾಗ, ಪ್ರಿಸನ್‌ಗೆ ಒಳಗೆ ಹೋಗೋರಲ್ಲಿ ಶೇ 45 ಜನ ಪ್ರೊಬೇಷನ್ ಅಥವಾ ಪೆರೋಲ್ ಮುರಿದು ಹೋಗ್ತಿದ್ದವರು, ಅದರಲ್ಲೂ ಒಟ್ಟು ಪ್ರವೇಶದ ಕಾಲು ಭಾಗ ಬರೀ ಟೆಕ್ನಿಕಲ್ ಕಾರಣಕ್ಕೆ. ಜೈಲಿಗೆ ಬದಲಿ ಅಂತ ಕಟ್ಟಿದ ಬಾಗಿಲೇ ಪ್ರಿಸನ್‌ಗೆ ಹಿಂಬಾಗಿಲಾಯ್ತು. ದುಡ್ಡಿಲ್ಲ ಅನ್ನೋ ಒಂದೇ ಕಾರಣಕ್ಕೆ ಪ್ರೊಬೇಷನ್ ರದ್ದು ಮಾಡಿ ಒಳಗೆ ಹಾಕಬಾರದು, ಬೇಕಂತಲೇ ಕಟ್ಟಿಲ್ವಾ ಅಂತ ವಿಚಾರಿಸಬೇಕು ಅಂತ ಸುಪ್ರೀಂ ಕೋರ್ಟ್ 1983ರಲ್ಲೇ, ಬೇರ್ಡನ್ ವರ್ಸಸ್ ಜಾರ್ಜಿಯಾ ಕೇಸಲ್ಲಿ, ಹೇಳಿದೆ. ಎಷ್ಟೋ ಸಣ್ಣ ಕೋರ್ಟುಗಳಲ್ಲಿ ಆ ವಿಚಾರಣೆ ಹೆಸರಿಗೆ ಮಾತ್ರ ನಡೆಯುತ್ತೆ.

ಅವಧಿನೂ ಸಮಸ್ಯೆ. ಫಿಲಡೆಲ್ಫಿಯಾದ ರ‍್ಯಾಪರ್ ಮೀಕ್ ಮಿಲ್ ಹದಿಹರೆಯ ಮುಗಿಯೋ ಹೊತ್ತಿಗೆ ಸಿಕ್ಕಿಬಿದ್ದ ಕೇಸಿನ ಪ್ರೊಬೇಷನ್ ಹತ್ತು ವರ್ಷ ಆದ್ರೂ ಮುಗಿದಿರಲಿಲ್ಲ, 2017ರಲ್ಲಿ ಷರತ್ತು ಮುರಿದಿದ್ದಕ್ಕೆ 2ರಿಂದ 4 ವರ್ಷ ಪ್ರಿಸನ್ ಶಿಕ್ಷೆ ಆಯ್ತು. ಅವರಿಗೆ ಹೆಸರಿತ್ತು, ಲಾಯರ್‌ಗಳಿದ್ರು, ಐದು ತಿಂಗಳಲ್ಲಿ ಹೊರಗೆ ಬಂದ್ರು. ಹೆಸರಿಲ್ಲದೋರ ಗತಿ ಏನು? ಒಳ್ಳೇ ಸುದ್ದಿ ಅಂದ್ರೆ ಕ್ಯಾಲಿಫೋರ್ನಿಯಾ 2021ರಿಂದ ಹೆಚ್ಚಿನ ಸಣ್ಣ ಕೇಸಿಗೆ ಒಂದು ವರ್ಷ, ಹೆಚ್ಚಿನ ಫೆಲನಿಗೆ (ದೊಡ್ಡ ಅಪರಾಧಕ್ಕೆ) ಎರಡು ವರ್ಷ ಅಂತ ಮಿತಿ ಹಾಕಿದೆ. ಪ್ರೊಬೇಷನ್ ಸಂಖ್ಯೆ 43 ಲಕ್ಷದಿಂದ 30ಕ್ಕೆ ಇಳಿಯೋಕೆ ಅರೆಸ್ಟ್ ಕಮ್ಮಿ ಆಗಿದ್ದೂ ಕಾರಣ, ಇಂಥ ಮಿತಿಗಳೂ ಕಾರಣ.

ಪ್ರಿಸನ್ ಸಂಖ್ಯೆ ಇಳಿಯೋಕೆ ಶುರುವಾಗಿದ್ದು ಹೇಗೆ?

2009ರಲ್ಲಿ ತುದಿ ಮುಟ್ಟಿ, ಆಮೇಲೆ ವರ್ಷಕ್ಕೆ ಶೇ 1ರ ಆಜುಬಾಜು ಇಳಿತ. ಇದರಲ್ಲಿ ಕ್ಯಾಲಿಫೋರ್ನಿಯಾ ಪಾತ್ರ ದೊಡ್ಡದು. ಸುಮಾರು 80 ಸಾವಿರ ಜನಕ್ಕೆ ಕಟ್ಟಿದ ಪ್ರಿಸನ್‌ಗಳಲ್ಲಿ ಅದರ ಎರಡರಷ್ಟು ಜನ ತುಂಬಿದ್ರು, ಜಿಮ್ ಹಾಲ್‌ನಲ್ಲಿ ಮೂರು ಅಂತಸ್ತಿನ ಮಂಚ ಹಾಕಿ ಮಲಗಿಸ್ತಿದ್ರು, ಸರಿಯಾದ ಚಿಕಿತ್ಸೆ ಸಿಗದೆ ಆರೇಳು ದಿನಕ್ಕೆ ಒಬ್ಬರು ಸುಮ್ಮನೆ ಸಾಯ್ತಿದ್ರು ಅಂತ ಕೋರ್ಟ್ ದಾಖಲೆಯಲ್ಲೇ ಇದೆ. 2011ರ ಮೇ ತಿಂಗಳಲ್ಲಿ ಬ್ರೌನ್ ವರ್ಸಸ್ ಪ್ಲಾಟಾ ತೀರ್ಪಲ್ಲಿ ಸುಪ್ರೀಂ ಕೋರ್ಟ್ ಸಂಖ್ಯೆನ ಸಾಮರ್ಥ್ಯದ ಶೇ 137.5ಕ್ಕೆ ಇಳಿಸಿ ಅಂತ ಆದೇಶ ಎತ್ತಿಹಿಡೀತು. ಶೇ 137.5, ಅಂದ್ರೆ ಆಗಲೂ ತುಂಬಿ ತುಳುಕೋದೇ, ಅಷ್ಟಕ್ಕೂ ನಾಲ್ವರು ಜಡ್ಜ್‌ಗಳ ವಿರೋಧ.

ಅದೇ ಅಕ್ಟೋಬರ್‌ನಿಂದ ರಾಜ್ಯ ಸಣ್ಣ ಅಪರಾಧದವರನ್ನ ಪ್ರಿಸನ್ ಬದಲು ಕೌಂಟಿ ಜೈಲಿಗೆ ಕಳಿಸೋಕೆ ಶುರು ಮಾಡ್ತು. ಹಾಗಾಗಿ ಪ್ರಿಸನ್ ಇಳೀತು, ಜೈಲು ಸ್ವಲ್ಪ ಏರ್ತು. ಪ್ರಿಸನ್ ಗ್ರಾಫ್ ಒಂದನ್ನೇ ನೋಡಿದವರಿಗೆ ಅಷ್ಟೂ ಜನ ಮನೆಗೆ ಹೋದ್ರು ಅನ್ಸುತ್ತೆ, ಹಾಗಲ್ಲ. 2014ರಲ್ಲಿ ರಾಜ್ಯದ ಜನರೇ ವೋಟ್ ಹಾಕಿ ತಂದ ಪ್ರಾಪ್ 47 ಅನ್ನೋ ಕಾನೂನು ಬಂದ್ಮೇಲೆ, ಅಂದ್ರೆ ಸಣ್ಣ ಕಳ್ಳತನ ಮತ್ತು ಡ್ರಗ್ಸ್ ಇಟ್ಕೊಂಡಿರೋದನ್ನ ಚಿಕ್ಕ ಅಪರಾಧ ಮಾಡಿದ್ಮೇಲೆ, ಎರಡೂ ಇಳಿದ್ವು.

ಕೋವಿಡ್ ಟೈಮಲ್ಲಿ ಎಲ್ಲರನ್ನೂ ಬಿಟ್ಟುಬಿಟ್ರಂತೆ?

ಬಿಟ್ಟಿದ್ದು ಕಮ್ಮಿ, ಒಳಗೆ ಬರೋದು ನಿಂತಿದ್ದು ಜಾಸ್ತಿ. ಕೋರ್ಟ್ ಮುಚ್ಚಿದ್ವು, ಅರೆಸ್ಟ್ ಕಮ್ಮಿ ಆಯ್ತು, ಜೈಲಿಂದ ಪ್ರಿಸನ್‌ಗೆ ವರ್ಗ ಮಾಡೋದು ನಿಂತ್ಹೋಯ್ತು. ಜೈಲು 2019ರ ಜೂನ್‌ನಲ್ಲಿ 7.3 ಲಕ್ಷ ಇದ್ದಿದ್ದು 2020ರ ಜೂನ್‌ಗೆ 5.5 ಲಕ್ಷ. ಪ್ರಿಸನ್ 2020ರಲ್ಲಿ ಒಂದೇ ವರ್ಷಕ್ಕೆ ಶೇ 15 ಇಳೀತು. ಕೋರ್ಟ್ ಬಾಗಿಲು ತೆಗೆದ ತಕ್ಷಣ ಜೈಲು ಮತ್ತೆ ತುಂಬೋಕೆ ಶುರುವಾಯ್ತು.

ಕಪ್ಪು ಜನರ ಪಾಲು ಹೇಗಿದೆ?

ಅಂತರ ಕಮ್ಮಿ ಆಗಿದೆ, ಹೋಗಿಲ್ಲ. 2000ದ ಸುಮಾರಿಗೆ ಬಿಳಿಯರಿಗೆ ಹೋಲಿಸಿದ್ರೆ ಕಪ್ಪು ಜನ ಪ್ರಿಸನ್‌ನಲ್ಲಿರೋ ದರ ಎಂಟು ಪಟ್ಟಿನ ಹತ್ತಿರ, ಈಗ ಐದು ಪಟ್ಟು. 2001ರಲ್ಲಿ ಹುಟ್ಟಿದ ಕಪ್ಪು ಹುಡುಗರಲ್ಲಿ ಮೂವರಲ್ಲಿ ಒಬ್ಬ ಜೀವನದಲ್ಲಿ ಒಮ್ಮೆ ಪ್ರಿಸನ್ ನೋಡ್ತಾನೆ ಅಂತ ಆಗ ಅಂದಾಜು ಮಾಡಿದ್ರು, ಇತ್ತೀಚಿನ ಅಂದಾಜು ಐವರಲ್ಲಿ ಒಬ್ಬ. ಸುಧಾರಣೆ ಅಂತ ಹೇಳ್ಬೇಕು, ಹೇಳುವಾಗ ಗಂಟಲು ಕಟ್ಟುತ್ತೆ.

ಹೆಂಗಸರು, ಮಕ್ಕಳು, ವಯಸ್ಸಾದವರು?

ಹೆಂಗಸರದ್ದು ಗಂಡಸರಿಗಿಂತ ವೇಗವಾಗಿ ಏರ್ತು. 1980ರಲ್ಲಿ ಪ್ರಿಸನ್, ಜೈಲು ಸೇರಿ 26 ಸಾವಿರ, 2019ರ ಹೊತ್ತಿಗೆ 2 ಲಕ್ಷ ದಾಟಿತ್ತು. ಇವರಲ್ಲಿ ಹೆಚ್ಚಿನವರು ಸಣ್ಣ ಮಕ್ಕಳ ತಾಯಂದಿರು.

ಹುಡುಗರ ವಿಷಯದಲ್ಲಿ ಮಾತ್ರ ನಿಜವಾಗ್ಲೂ ಖುಷಿ ಪಡೋ ಅಂಕಿ ಇದೆ. ಬಾಲಾಪರಾಧಿ ಕೇಂದ್ರಗಳಲ್ಲಿ ಒಂದು ದಿನಕ್ಕೆ 2000ದಲ್ಲಿ 1 ಲಕ್ಷದ ಮೇಲೆ ಇದ್ದವರು 2020ಕ್ಕೆ 25 ಸಾವಿರ. ಮಕ್ಕಳ ಅರೆಸ್ಟ್ ಇಳೀತು, ರಾಜ್ಯಗಳು ಆ ದೊಡ್ಡ ಕಟ್ಟಡಗಳನ್ನ ಮುಚ್ಚಿದ್ವು.

ವಯಸ್ಸಾದವರದ್ದು ಉಲ್ಟಾ. ಪ್ರಿಸನ್‌ನಲ್ಲಿ 55 ದಾಟಿದವರು 1990ರ ದಶಕದ ಶುರುವಲ್ಲಿ ಶೇ 3, ಈಗ ಶೇ 15ರ ಸುಮಾರು. ಉದ್ದದ ಶಿಕ್ಷೆ ಕೊಟ್ಟ ಮೇಲೆ ಜನ ಒಳಗೇ ಮುದುಕರಾಗ್ತಾರೆ, ವೀಲ್‌ಚೇರ್, ಮರೆವಿನ ಕಾಯಿಲೆ, ಡಯಾಲಿಸಿಸ್ ಎಲ್ಲ ಕಂಬಿ ಹಿಂದೆನೇ.

ಪ್ರೈವೇಟ್ ಪ್ರಿಸನ್ ಕಂಪನಿಗಳೇ ಇದಕ್ಕೆಲ್ಲ ಕಾರಣ ಅಂತಾರಲ್ಲ?

ಪ್ರಿಸನ್‌ನಲ್ಲಿರೋರಲ್ಲಿ ಖಾಸಗಿ ಕಟ್ಟಡದಲ್ಲಿರೋರು ಶೇ 8ರ ಹತ್ತಿರ ಅಷ್ಟೇ. ಅವರು ಲಾಭ ಮಾಡ್ಕೊಂಡಿದ್ದು ಹೌದು, ಆದ್ರೆ ಶೇ 90ಕ್ಕಿಂತ ಜಾಸ್ತಿ ಜನರನ್ನ ಇಟ್ಟಿರೋದು ಸರ್ಕಾರನೇ.

ಈ ಅಂಕಿಗಳನ್ನ ಓದುವಾಗ ಎಲ್ಲಿ ಎಡವ್ತೀವಿ?

ಮೂರು ಕಡೆ. ಜೈಲನ್ನ ಸಾಮಾನ್ಯವಾಗಿ ಜೂನ್ ಕೊನೆಗೆ ಎಣಿಸ್ತಾರೆ, ಪ್ರಿಸನ್‌ನ ಡಿಸೆಂಬರ್ 31ಕ್ಕೆ, ಸುಮ್ಮನೆ ಕೂಡಿಸಿದ್ರೆ ಸ್ವಲ್ಪ ಹೆಚ್ಚುಕಮ್ಮಿ ಬರುತ್ತೆ. ಲಕ್ಷಕ್ಕೆ ಇಷ್ಟು ಅಂದಾಗ ಒಟ್ಟು ಜನಸಂಖ್ಯೆಗಾ ಬರೀ ವಯಸ್ಕರಿಗಾ ಅಂತ ನೋಡ್ಬೇಕು. ಮತ್ತೆ, ಲೂಸಿಯಾನಾದಂಥ ರಾಜ್ಯದಲ್ಲಿ ಅರ್ಧದಷ್ಟು ರಾಜ್ಯ ಕೈದಿಗಳು ಇರೋದೇ ಲೋಕಲ್ ಜೈಲುಗಳಲ್ಲಿ, ತಲೆಗೆ ಇಷ್ಟು ಅಂತ ಶೆರಿಫ್‌ಗೆ ರಾಜ್ಯ ದುಡ್ಡು ಕೊಡುತ್ತೆ. ಅವರು ಕೂತಿರೋದು ಜೈಲಲ್ಲಿ, ಲೆಕ್ಕ ಪ್ರಿಸನ್‌ದು.

ಈಗ ಮತ್ತೆ ಏರ್ತಿದೆಯಾ?

ಹೌದು, ನಿಧಾನಕ್ಕೆ. ಪ್ರಿಸನ್ 2021ರಲ್ಲಿ 12.05 ಲಕ್ಷದ ಹತ್ತಿರ ಇದ್ದಿದ್ದು 2022ರಲ್ಲಿ ಶೇ 2, 2023ರಲ್ಲಿ ಮತ್ತೆ ಶೇ 2 ಏರಿದೆ. 2024ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಜನ ಪ್ರಾಪ್ 36ಕ್ಕೆ ವೋಟ್ ಹಾಕಿ, ಹತ್ತು ವರ್ಷದ ಹಿಂದಿನ ಪ್ರಾಪ್ 47ರ ಒಂದಷ್ಟು ಭಾಗ ವಾಪಸ್ ತಗೊಂಡ್ರು. ಲೂಸಿಯಾನಾ 2017ರಲ್ಲಿ ಶಿಕ್ಷೆ ಕಮ್ಮಿ ಮಾಡೋ ಕಾನೂನು ತಂದಿತ್ತು, 2024ರ ಆಗಸ್ಟ್ 1ರ ನಂತರದ ಅಪರಾಧಗಳಿಗೆ ಪೆರೋಲನ್ನೇ ಬಹುತೇಕ ರದ್ದು ಮಾಡ್ತು. ಇದರ ಪರಿಣಾಮ ಈ ವರ್ಷದ ಗ್ರಾಫಲ್ಲಿ ಕಾಣಲ್ಲ, ಯಾಕಂದ್ರೆ ಆಗ ಸಿಕ್ಕಿದವನಿಗೆ ಹತ್ತು ವರ್ಷ ಶಿಕ್ಷೆ ಆಗಿದ್ರೆ ಮೊದಲಾದ್ರೆ ನಾಲ್ಕೈದನೇ ವರ್ಷಕ್ಕೆ ಹೊರಗೆ ಬರೋ ಅವಕಾಶ ಇರ್ತಿತ್ತು, ಈಗ ಇರಲ್ಲ. ಅಂದ್ರೆ 2029ರ ಲೆಕ್ಕದಲ್ಲಿ ಅವನು ಇನ್ನೂ ಒಳಗೇ ಇರ್ತಾನೆ.